ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಕೋಚ್ ಆಗಿ ಹೊಟ್ಟೆ ಹೊರೆಯಬಹುದೇ? ಕಾರವಾರ, ಕುಮಟಾ, ಶಿರಸಿ ಕಡೆಯವರು ಹೇಳಿ

ಅಘನಾಶಿನಿ_ದಡ

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಮಟಾ ಹತ್ತಿರ. ಈಗ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಪದವಿ ಓದುವಾಗ ಕಾಲೇಜು ತಂಡದಲ್ಲಿ ಚೆಂಡು ಒಯ್ದು ಆಟ ಕಟ್ಟುವ ಪಾಯಿಂಟ್ ಗಾರ್ಡ್ ಆಗಿ ಆಡುತ್ತಿದ್ದೆ, ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ಯೂನಿವರ್ಸಿಟಿ ಬ್ಲೂ ಕೂಡ ಆದೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಕಟ್ಟು ಎಂದು ಒತ್ತಾಯ. ಚೆಂಡು ಆಡಿಸಿದ್ದಕ್ಕೆ ಯಾರು ಸಂಬಳ ಕೊಡುತ್ತಾರೆ ಎಂದು ಅಪ್ಪ ಕೇಳುತ್ತಾರೆ, ನನ್ನಲ್ಲಿ ಉತ್ತರವಿಲ್ಲ.

ಮೊಬೈಲ್‌ನಲ್ಲಿ ಅಮೆರಿಕದ ಕಾಲೇಜು ಪಂದ್ಯಗಳನ್ನು ನೋಡುತ್ತೇನೆ. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೆಡ್ ಕೋಚ್ ಡಾನ್ ಸ್ಟೇಲಿ ಅಂಕಣದ ಬದಿಯಲ್ಲಿ ನಿಂತು ತಂಡವನ್ನು ಆಡಿಸುವುದನ್ನು ಕಂಡಾಗಲೆಲ್ಲ ನನಗೂ ಇದೇ ಕೆಲಸ ಬೇಕು ಎನಿಸುತ್ತದೆ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಮಹಿಳಾ ತಂಡಕ್ಕೆ ಹೆಡ್ ಕೋಚ್ ಎಂಬ ಹುದ್ದೆ ಇದೆಯೇ? ಇಲ್ಲದಿದ್ದರೆ ಆ ದಾರಿಯಲ್ಲಿ ಹೋದವರು ಏನು ಮಾಡಿದ್ದಾರೆ?

ಕೋಡಿಬಾಗ್_ರೆಫರಿ

ಹುದ್ದೆ ಇಲ್ಲ, ತಂಗಿ. ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಸ್ಟೇಲಿಯವರ 2025ರ ಒಪ್ಪಂದದಲ್ಲಿ ವರ್ಷದ ಸಂಬಳವೇ 40 ಲಕ್ಷ ಡಾಲರ್. ಅವರ ತಂಡ ಗೆದ್ದ 2024ರ ಫೈನಲ್ ಅನ್ನು ಅಮೆರಿಕದಲ್ಲಿ ಟಿ.ವಿ.ಯಲ್ಲಿ ನೋಡಿದವರು 1 ಕೋಟಿ 80 ಲಕ್ಷಕ್ಕೂ ಹೆಚ್ಚು, ಆ ವರ್ಷದ ಗಂಡಸರ ಫೈನಲ್‌ಗಿಂತ ಜಾಸ್ತಿ. ನಮ್ಮ ಅಂತರ ಕಾಲೇಜು ಫೈನಲ್‌ಗೆ ಬರುವವರು ಸೋತು ಬಸ್ಸಿಗೆ ಕಾಯುತ್ತಿರುವ ತಂಡಗಳ ಹುಡುಗಿಯರು, ಮತ್ತೆ ನನ್ನಂತಹ ರೆಫರಿಗಳು.

ಬೆಂಗಳೂರಿಗೆ ಹೋಗುವುದು ಉತ್ತಮ. ಅಲ್ಲಿ ಖಾಸಗಿ ಶಾಲೆಗಳು, ಅಕಾಡೆಮಿಗಳು ಬಾಸ್ಕೆಟ್‌ಬಾಲ್‌ಗೆಂದೇ ಕೋಚ್‌ಗಳನ್ನು ಇಟ್ಟುಕೊಳ್ಳುತ್ತವೆ.

ನಿವೃತ್ತ_ಅಕ್ಕೋರು

ರೆಫರಿ ಮಾಸ್ತರು ಹೇಳಿದಂತೆ ಆ ಹೆಸರಿನ ಹುದ್ದೆ ನಮ್ಮಲ್ಲಿ ಇಲ್ಲ. ಆದರೂ ಆ ಕೆಲಸವನ್ನೇ ನಾನು ಕರಾವಳಿಯ ಒಂದು ಕಾಲೇಜಿನಲ್ಲಿ ನಿವೃತ್ತಿಯ ದಿನದವರೆಗೆ ಮಾಡಿದ್ದೇನೆ. ಸಂಬಳದ ಪಟ್ಟಿಯಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್, ಓಟ, ಆಗಸ್ಟ್ ಹದಿನೈದರ ಪಥಸಂಚಲನ ಎಲ್ಲವೂ ನನ್ನ ತಲೆಗೇ. ಬಾಸ್ಕೆಟ್‌ಬಾಲ್‌ಗೆ ಉಳಿಯುತ್ತಿದ್ದುದು ತರಗತಿ ಬಿಟ್ಟ ಮೇಲೆ ಹುಡುಗಿಯರ ಕೊನೆಯ ಬಸ್ಸು ಹೊರಡುವವರೆಗಿನ ಹೊತ್ತು. ಆ ಹೊತ್ತಿನಲ್ಲಿಯೇ ತಂಡ ಕಟ್ಟಬೇಕು.

ನಿನಗೆ ಬೇಕಾದ ಓದನ್ನು ಮೊದಲು ಹೇಳಿಬಿಡುತ್ತೇನೆ. ಬಿ.ಪಿ.ಎಡ್. ಸಾಲದು. ಎಂ.ಪಿ.ಎಡ್.ನಲ್ಲಿ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಶೇಕಡಾ 55 ಅಂಕ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಮೈಕಟ್ಟಿನ ಪರೀಕ್ಷೆಯೂ ಇದೆ: ಮೂವತ್ತು ವರ್ಷದೊಳಗಿನ ಮಹಿಳೆ ಎಂಟು ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ಗಾರ್ಡ್ ಆಗಿ ಆಡಿದವಳಿಗೆ ಅದೇನು ದೊಡ್ಡದಲ್ಲ. ಆಟದ ತರಬೇತಿಯನ್ನೇ ಶಾಸ್ತ್ರೀಯವಾಗಿ ಕಲಿಯಬೇಕೆಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್.ಐ.ಎಸ್.) ಡಿಪ್ಲೊಮಾ. ಅದು ಕೋಚ್ ಹುದ್ದೆಗಳಿಗೆ ಬೇಕಾಗುತ್ತದೆ, ಕಾಲೇಜಿನ ನೇಮಕಕ್ಕೆ ಮಾತ್ರ ನಿನಗೆ ಎಂ.ಪಿ.ಎಡ್. ಹಾದಿಯೇ ಸರಿ. ಎನ್.ಐ.ಎಸ್. ಒಂದನ್ನೇ ನಂಬಿ ಹೋಗಿ ಕಾಲೇಜಿನ ಬಾಗಿಲಲ್ಲಿ ನಿಂತವರನ್ನು ನೋಡಿದ್ದೇನೆ.

ಇನ್ನು ಅಮೆರಿಕದ ಮಾತು. ನೀನು ನೋಡುವುದು ಇಂದಿನ ಸ್ಟೇಲಿಯವರನ್ನು. ಪ್ಯಾಟ್ ಸಮಿಟ್ ಎಂಬವರ ಬಗ್ಗೆ ಓದು. 1974ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಹೆಂಗಸರ ತಂಡಕ್ಕೆ ಹೆಡ್ ಕೋಚ್ ಆದಾಗ ಆಕೆಗೆ 22 ವರ್ಷ, ತಿಂಗಳಿಗೆ 250 ಡಾಲರ್. ಹುಡುಗಿಯರ ಅಂಗಿ ಒಗೆಯುವುದು, ಊರಿಂದೂರಿಗೆ ವ್ಯಾನ್ ಓಡಿಸುವುದು ಎಲ್ಲ ಅವರೇ. ಹೆಂಗಸರಿಗೆ ಅಮೆರಿಕದ ಕಾಲೇಜು ಕ್ರೀಡಾ ಸಂಘದ (ಎನ್.ಸಿ.ಎ.ಎ.) ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಶುರುವಾದದ್ದೇ 1982ರಲ್ಲಿ. ಅದು ಅವರ ಎಂಟನೆಯ ಋತು. 2012ರಲ್ಲಿ ಬಿಟ್ಟಾಗ 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ಅವರ ಬಳಿ ಪೂರ್ತಿ ಅವಧಿ ಆಡಿದ ಪ್ರತಿ ಹುಡುಗಿಯೂ ಪದವಿ ಮುಗಿಸಿದಳು ಎಂಬುದು ನನಗೆ ಆ ಗೆಲುವುಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅಂಗಿ ಒಗೆಯುವಲ್ಲಿಯವರೆಗೆ ನಮ್ಮ ಕಥೆಯೂ ಅದೇ. ಅವರ ಬೆನ್ನಿಗೆ 1972ರ ಕಾನೂನು ಇತ್ತು: ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಗಂಡು ಹೆಣ್ಣು ಎಂದು ಭೇದ ಮಾಡುವಂತಿಲ್ಲ, ಆಟದಲ್ಲಿಯೂ. ನಮ್ಮ ಬೆನ್ನಿಗೆ ಇದ್ದದ್ದು ಪ್ರಾಂಶುಪಾಲರ ಮನಸ್ಸು. ನನ್ನ ಕಾಲದ ಒಬ್ಬರು (ಹೆಸರು ಬೇಡ) ಕೋರ್ಟಿನ ಮೇಲೆಯೇ ಕಾರು ನಿಲ್ಲಿಸುತ್ತಿದ್ದರು. ನಾನು ಜಗಳವಾಡಲಿಲ್ಲ, ಅಭ್ಯಾಸವನ್ನೂ ನಿಲ್ಲಿಸಲಿಲ್ಲ. ಚೆಂಡು ಬಾನೆಟ್ಟಿನ ಮೇಲೆ ಬೀಳತೊಡಗಿದ ಮೇಲೆ ಕಾರು ತಾನಾಗಿಯೇ ಹಲಸಿನ ಮರದ ಬುಡಕ್ಕೆ ಹೋಯಿತು.

ಮಳೆಗಾಲದ ಬಗ್ಗೆ ನಿನಗೆ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ಕೋರ್ಟಿನ ಮೇಲೆ ಹಾವಸೆ. ಹೊಳವಾದ ದಿನ ಬ್ಲೀಚಿಂಗ್ ಪೌಡರ್ ಚೆಲ್ಲಿ ಕಡ್ಡಿ ಪೊರಕೆಯಿಂದ ತಿಕ್ಕಿಯೇ ಆಟ. ಉಪ್ಪುಗಾಳಿಗೆ ರಿಂಗ್ ತುಕ್ಕು ಹಿಡಿದು ಬೋಲ್ಟು ಸಡಿಲವಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಚ್ಚದಿದ್ದರೆ ಯಾರದಾದರೂ ತಲೆಗೆ ಬಂತು. ಮಳೆ ಬಿಡದ ದಿನ ಜಗಲಿಯಲ್ಲಿ ಪಾಸ್, ಪಿವಟ್ (ಒಂದು ಕಾಲೂರಿ ತಿರುಗುವುದು), ಡಿಫೆನ್ಸ್ ನಿಲುವು ಇಷ್ಟೇ. ನನ್ನ ತಂಡದ ಕಾಲುಗಾರಿಕೆ ಚೆನ್ನಾಗಿತ್ತು, ದೂರದ ಶಾಟ್ ಯಾವತ್ತೂ ಕೈಕೊಡುತ್ತಿತ್ತು ಎಂದು ಎದುರಾಳಿಗಳು ಹೇಳುತ್ತಿದ್ದುದಕ್ಕೆ ಈ ಜಗಲಿಯೇ ಕಾರಣ.

ಆಟಗಾರ್ತಿಯರು ಎಲ್ಲಿಂದ ಬರುತ್ತಾರೆ? ನಮ್ಮ ಕಡೆ ಪ್ರೌಢಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಮುಟ್ಟಿದವರು ಬೆರಳೆಣಿಕೆಯವರು. ಹಾಗಾಗಿ ಬೇರೆ ಆಟದಿಂದ ಆರಿಸಬೇಕು. ಖೋ ಖೋ ಆಡಿದವಳು ಚಕ್ಕನೆ ದಿಕ್ಕು ಬದಲಿಸುತ್ತಾಳೆ, ಅವಳು ಗಾರ್ಡ್. ಥ್ರೋಬಾಲ್‌ನವಳ ಕೈಯಿಂದ ಚೆಂಡು ಜಾರುವುದಿಲ್ಲ. ಆದರೆ ಹಿಡಿದು ನಿಂತೇ ಎಸೆಯುವುದು ಆ ಆಟದ ನಿಯಮವಾದ್ದರಿಂದ ಇಲ್ಲಿಯೂ ಹಿಡಿದ ಕೂಡಲೇ ಕಂಬದಂತೆ ನಿಂತುಬಿಡುತ್ತಾಳೆ, ಡ್ರಿಬಲ್ ಮೊದಲಿನಿಂದ ಕಲಿಸಬೇಕು. ಕಬಡ್ಡಿಯವಳಿಗೆ ಮಂಡಿ ಬಗ್ಗಿಸಿ ತಗ್ಗಿ ನಿಲ್ಲುವುದನ್ನು ಕಲಿಸುವ ಅಗತ್ಯವೇ ಇಲ್ಲ. ತೊಂದರೆ ಅವಳ ಕೈಯದು, ಎದುರಿಗೆ ಬಂದವಳನ್ನು ಹಿಡಿಯದೆ ಬಿಡುವುದಿಲ್ಲ. ಅಂಥ ಒಬ್ಬಳಿಗೆ ಟವೆಲ್ ಒಂದನ್ನು ಕುತ್ತಿಗೆಯ ಹಿಂದಿನಿಂದ ಹಾಕಿ ಎರಡು ತುದಿಗಳನ್ನೂ ಅವಳ ಕೈಗೇ ಕೊಟ್ಟೆ. ಹಾಗೆ ಹಿಡಿದುಕೊಂಡೇ ಪಕ್ಕಕ್ಕೆ ಜಾರುತ್ತಾ ಅರ್ಧ ಕೋರ್ಟು ಕಾಯಬೇಕು, ಟವೆಲ್ ಬಿಟ್ಟರೆ ಫೌಲ್. ಮೊದಲ ದಿನ ಅತ್ತಳು. ತಿಂಗಳು ಕಳೆಯುವಷ್ಟರಲ್ಲಿ ಎದೆಯಿಂದಲೇ ಅಡ್ಡಗಟ್ಟಲು ಕಲಿತಳು. ಧಾರವಾಡದಲ್ಲಿ ವಿಶ್ವವಿದ್ಯಾಲಯದ ಕಾಲೇಜುಗಳೆಲ್ಲ ಸೇರುವ ಏಕವಲಯ ಪಂದ್ಯಕ್ಕೆ ಹೋದಾಗ ಎದುರು ತಂಡದ ಅತ್ಯಂತ ಎತ್ತರದವಳನ್ನು ಅವಳಿಗೇ ಒಪ್ಪಿಸಿದೆ.

ಆಟ ಕಲಿಸುವುದಕ್ಕಿಂತ ಮನೆಯವರನ್ನು ಒಪ್ಪಿಸುವುದರಲ್ಲಿ ನನ್ನ ಹೆಚ್ಚಿನ ಶಕ್ತಿ ಹೋಯಿತು. ಹೋಗಬೇಕಾದದ್ದೂ ಅಲ್ಲಿಯೇ. ತದಡಿ ಕಡೆಯ ಒಬ್ಬ ಹುಡುಗಿಯ ತಾಯಿ ಮೀನು ಮಾರುವವರು. ಅವರಿಗೆ ಮೆಡಲ್, ಸರ್ಟಿಫಿಕೇಟು ಯಾವುದೂ ಬೇಡ. ಕೇಳಿದ್ದು ಇಷ್ಟೇ: "ಅಕ್ಕೋರೇ, ರಾತ್ರಿ ನೀವು ಅವರ ಕೋಣೆಯಲ್ಲಿಯೇ ಮಲಗುತ್ತೀರೋ?" ಹೌದು ಎಂದೆ. ಆ ಮೇಲೆ ಎಲ್ಲಿಗೆ ಹೋದರೂ ನನ್ನ ಹಾಸಿಗೆ ಹುಡುಗಿಯರ ಕೋಣೆಯ ಬಾಗಿಲಿಗೆ ಅಡ್ಡಲಾಗಿಯೇ. ಚಡ್ಡಿಯ ಪ್ರಶ್ನೆ ಬಂದರೆ ಒಳಗೆ ಲೆಗ್ಗಿಂಗ್ಸ್ ಹಾಕಿಕೊಳ್ಳಬಹುದು ಎಂದು ತೋರಿಸುತ್ತಿದ್ದೆ. ಬಸ್ ಚಾರ್ಜಿನ ನೆಪ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೋಗಿದೆ. ಕೊನೆಯ ಬಸ್ಸಿನ ಸಮಯ ಮಾತ್ರ ಹಾಗೆಯೇ ಇದೆ.

ಈ ತಿರುಗಾಟ ನಿನ್ನಿಂದ ಸಾಧ್ಯವೇ ಎಂದು ಯೋಚಿಸು. ಸಾಧ್ಯವಿಲ್ಲ ಎನಿಸಿದರೆ ರೆಫರಿ ಮಾಸ್ತರ ಸಲಹೆಯಂತೆ ಬೆಂಗಳೂರೇ ಸರಿ. ಅಲ್ಲಿ ಮಕ್ಕಳನ್ನು ಅಪ್ಪ ಅಮ್ಮಂದಿರೇ ಕಾರಿನಲ್ಲಿ ತಂದು ಬಿಡುತ್ತಾರೆ.

ಯಲ್ಲಾಪುರ_ಘಟ್ಟ

ಅಕ್ಕೋರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಭಾಗದ ಸಿದ್ದಿ ಸಮುದಾಯದ ಮಕ್ಕಳನ್ನು 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಲ್ಲಿ ಆರಿಸಿಕೊಂಡು ಹೋಗಿ ತರಬೇತಿ ಕೊಟ್ಟಿತು. ಕಮಲಾ ಸಿದ್ದಿಯವರಂತಹ ಓಟಗಾರ್ತಿಯರು ಆಗ ಹೊರಬಂದರು. 1993ರಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ವಾಪಸಾದರು. ಯೋಜನೆ ನಂಬಿಕೊಂಡ ಕೋಚ್‌ನ ಕೆಲಸ ಯೋಜನೆಯ ಜೊತೆಗೇ ಮುಗಿಯುತ್ತದೆ. ಕಾಲೇಜಿನ ಕಾಯಂ ಹುದ್ದೆ ಹಿಡಿದರೆ ಆ ಭಯವಿಲ್ಲ.

ಅಘನಾಶಿನಿ_ದಡ

ಅಕ್ಕೋರೇ, ಎರಡೆರಡು ಬಾರಿ ಓದಿದೆ. ನಾನೂ ಖೋ ಖೋದಿಂದ ಬಂದವಳೇ, ನೀವು ಹೇಳಿದ್ದು ಓದಿ ನಗು ಬಂತು. ಅಪ್ಪನಿಗೆ ಒಂದು ಅಂಕಿ ಹೇಳಬೇಕು. ಸಂಬಳ ಎಷ್ಟಿರುತ್ತದೆ? ಕಾಯಂ ಆಗುವವರೆಗೆ ಏನು ಗತಿ?

ನಿವೃತ್ತ_ಅಕ್ಕೋರು

ಯು.ಜಿ.ಸಿ. ವೇತನದಲ್ಲಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಸಹಾಯಕ ಪ್ರಾಧ್ಯಾಪಕರ ಸಮಾನ. ಏಳನೇ ವೇತನದ ಪ್ರಕಾರ ಆರಂಭದ ಮೂಲವೇತನ 57,700 ರೂಪಾಯಿ, ಭತ್ಯೆ ಬೇರೆ. ಅಪ್ಪನಿಗೆ ಇದನ್ನೇ ಹೇಳು. ಜೊತೆಗೆ ಇನ್ನೊಂದನ್ನೂ ಮುಚ್ಚಿಡದೆ ಹೇಳು: ಕಾಯಂ ನೇಮಕಾತಿ ಕರೆಯುವುದು ಅಪರೂಪ, ಎಷ್ಟೋ ಹುದ್ದೆ ಖಾಲಿ ಬಿದ್ದಿವೆ, ಅಲ್ಲಿಯವರೆಗೆ ಅತಿಥಿ ಸಿಬ್ಬಂದಿಯಾಗಿ ಕಡಿಮೆ ಗೌರವಧನಕ್ಕೆ ದುಡಿಯಬೇಕಾಗಬಹುದು. ಬ್ಯಾಂಕ್ ಪರೀಕ್ಷೆ ಕಟ್ಟಿದರೆ ತಪ್ಪಿಲ್ಲ, ಬ್ಯಾಂಕಿನಲ್ಲಿದ್ದುಕೊಂಡು ಸಂಜೆ ಆಡಿಸಿದವರೂ ಇದ್ದಾರೆ. ಎಂ.ಪಿ.ಎಡ್. ಅರ್ಜಿ ಮಾತ್ರ ಈ ವರ್ಷವೇ ಹಾಕು, ಮುಂದೂಡಬೇಡ.

ರಜೆಗೆ ಊರಿಗೆ ಬಂದರೆ ತಿಳಿಸು. ನಮ್ಮ ಮನೆಯ ಹತ್ತಿರದ ಪ್ರೌಢಶಾಲೆಯಲ್ಲಿ ಒಂದು ರಿಂಗ್ ಇನ್ನೂ ನೆಟ್ಟಗಿದೆ, ಏಳೆಂಟು ಹುಡುಗಿಯರು ಬರುತ್ತಾರೆ. ಎಡಗೈ ಲೇ-ಅಪ್ ಹಾರಿ ತೋರಿಸುವವರು ಬೇಕು, ನನ್ನ ಮಂಡಿ ಈಗ ಅದಕ್ಕೆ ಒಪ್ಪುವುದಿಲ್ಲ.

ಕೋಡಿಬಾಗ್_ರೆಫರಿ

ಅಕ್ಕೋರೇ, ನಮ್ಮ ಸಂಘದಲ್ಲಿ ಹೆಂಗಸರ ಆಟದ ಆರನೇ ಅಳತೆಯ ಎರಡು ಚೆಂಡು ಸುಮ್ಮನೆ ಬಿದ್ದಿವೆ. ಗಂಡುಮಕ್ಕಳು ಏಳನೆಯದೇ ಬೇಕು ಎನ್ನುತ್ತಾರೆ. ಕುಮಟಾ ಬಸ್ಸಿನಲ್ಲಿ ಕಳುಹಿಸಲೇ?

ನಿವೃತ್ತ_ಅಕ್ಕೋರು

ಕಳುಹಿಸಿ ಮಾಸ್ತರೇ. ಗಾಳಿ ತುಂಬಿಸಿಯೇ ಕಳುಹಿಸಿ, ಇಲ್ಲಿ ಪಂಪಿನ ಸೂಜಿ ಮುರಿದಿದೆ.