ಅಂಬಾಸಿಡರ್ 1489 ಪೆಟ್ರೋಲ್: ಹೊಸ ಗೈಡ್ ಹಾಕಿಸಿದ ಮೇಲೂ ಮೂರನೇ ಸಿಲಿಂಡರಿನಲ್ಲಿ ಕಂಪ್ರೆಷನ್ ಕಡಿಮೆ

ಹಳೆಯ_ಕಾರು_ಹಾಸನ:
ತಂದೆಯವರ ಕಾಲದ ಗಾಡಿ. ನೀಲಿ ಹೊಗೆ ಬರುತ್ತಿತ್ತೆಂದು ಹೆಡ್ ಬಿಚ್ಚಿಸಿ ಎಂಟೂ ವಾಲ್ವ್, ಎಂಟೂ ಗೈಡ್ (ವಾಲ್ವ್‌ನ ಕಡ್ಡಿ ಓಡಾಡುವ ಕೊಳವೆ) ಹೊಸದು ಹಾಕಿಸಿದೆ. ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿಕೊಟ್ಟರು. ಹೊಗೆ ನಿಂತಿತು, ಆದರೆ ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುತ್ತದೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದರೆ ಮೂರನೇ ಸಿಲಿಂಡರಿನಲ್ಲಿ 70 ಪಿ.ಎಸ್.ಐ., ಉಳಿದವುಗಳಲ್ಲಿ 120ರ ಆಸುಪಾಸು. ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ನೋಡಿದರೂ ಏರಲಿಲ್ಲ. ಹೆಡ್ ಇಳಿಸಿ, ಮಗುಚಿಟ್ಟು ಸೀಮೆಎಣ್ಣೆ ಸುರಿದರೆ ಅದರ ಎಕ್ಸಾಸ್ಟ್ ವಾಲ್ವ್‌ನಲ್ಲಿ ಜಿನುಗುತ್ತಿದೆ. ಇನ್ನೊಮ್ಮೆ ಉಜ್ಜಿಸಿದರೆ ಸಾಕೇ?

ಲೇತ್_ಮನೆ:
ಸಾಲದು. ಎಣ್ಣೆ ಪಿಸ್ಟನ್ ರಿಂಗ್‌ಗಳ ಸಂದನ್ನು ಮುಚ್ಚುತ್ತದೆ; ಅದಕ್ಕೂ ಏರಲಿಲ್ಲವೆಂದರೆ ರಿಂಗ್‌ಗಳನ್ನು ದೂರಬೇಡಿ. ಗೈಡ್ ಕೂರಿಸಿದ ಮೇಲೆ ರೀಮರ್ (ತೂತನ್ನು ಸರಿ ಅಳತೆಗೆ ತರುವ ಉಪಕರಣ) ಹಾಯಿಸಿದರೇ? ಆಮೇಲೆ ಸೀಟ್ (ವಾಲ್ವ್ ಕೂತು ಮುಚ್ಚುವ ಹೆಡ್ಡಿನ ಅಂಚು) ಕಟ್ ಮಾಡಿದರೇ? ಸೀಟಿನ ಬೂದು ಪಟ್ಟಿ ಸುತ್ತಲೂ ಒಂದೇ ಅಗಲವೇ?

ಹಳೆಯ_ಕಾರು_ಹಾಸನ:
ರೀಮರ್ ಹಾಯಿಸಿದ್ದಾರೆ. ಹಳೆಯ ಸೀಟ್ ಚೆನ್ನಾಗಿದೆಯೆಂದು ಕಟ್ಟರ್ ಮುಟ್ಟಿಸಲಿಲ್ಲ ಸರ್. ಪಟ್ಟಿ ಒಂದು ಪಕ್ಕ 3 ಮಿ.ಮೀ. ಇದೆ, ಎದುರು ಪಕ್ಕ ಕೂದಲೆಳೆ.

ಲೇತ್_ಮನೆ:
ರೋಗ ಅಲ್ಲೇ ಇದೆ. ಹಳೆಯ ಸೀಟ್ ಹಳೆಯ ಗೈಡಿನ ಕೇಂದ್ರಕ್ಕೆ ಹೊಂದಿಕೊಂಡಿತ್ತು. ಹೊಸ ಗೈಡ್ ಒತ್ತಿದಾಗ ಕೇಂದ್ರ ಕೂದಲಿನಷ್ಟಾದರೂ ಸರಿಯುತ್ತದೆ, 0.05 ಮಿ.ಮೀ. ಮೀರಿದರೆ ಸೋರಿಕೆ ಶುರುವಾಗುತ್ತದೆ. ಪೇಸ್ಟ್ ಮೇಲ್ಮೈಯನ್ನು ನಯ ಮಾಡುತ್ತದೆಯೇ ಹೊರತು ಕೇಂದ್ರವನ್ನು ಸರಿಪಡಿಸುವುದಿಲ್ಲ. ಉಜ್ಜಿದಷ್ಟೂ ಹೊಸ ವಾಲ್ವ್‌ನ ಮುಖದಲ್ಲಿ ತೋಡು ಬೀಳುತ್ತದೆ, ದಯವಿಟ್ಟು ನಿಲ್ಲಿಸಿ.

ಮೊದಲು ಖಚಿತಪಡಿಸಿಕೊಳ್ಳಿ. ವಾಲ್ವ್‌ನ ಮುಖಕ್ಕೆ ಪ್ರಷ್ಯನ್ ಬ್ಲೂ (ತಾಗಿದಲ್ಲಿ ಗುರುತು ಬೀಳಿಸುವ ನೀಲಿ ಬಣ್ಣ) ತೆಳುವಾಗಿ ಸವರಿ, ಗೈಡಿಗೆ ಇಳಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಎತ್ತಿ. ತಿರುಗಿಸಲೇಬೇಡಿ, ತಿರುಗಿಸಿದರೆ ಬಣ್ಣ ಎಲ್ಲೆಡೆ ಹರಡಿ ತಪ್ಪು ಮುಚ್ಚಿಹೋಗುತ್ತದೆ. ಸೀಟಿನ ಮೇಲೆ ನೀಲಿ ವೃತ್ತ ಎಲ್ಲಿ ತುಂಡಾಗಿದೆಯೋ ಅಲ್ಲಿಂದಲೇ ಗಾಳಿ ಸೋರುತ್ತಿದೆ.

ಸೀಟ್ ಕಟ್ಟರಿನ ಪೈಲಟ್ (ಕಟ್ಟರನ್ನು ಕೇಂದ್ರದಲ್ಲಿ ಹಿಡಿಯುವ ಕಡ್ಡಿ) ಹೊಸ ಗೈಡಿನಲ್ಲಿ ಅಲುಗಾಡದೆ ನಿಲ್ಲಬೇಕು. 45 ಡಿಗ್ರಿಯಲ್ಲಿ ಸುತ್ತಲೂ ಹೊಸ ಲೋಹ ಕಂಡ ಕೂಡಲೇ ಕೈ ನಿಲ್ಲಿಸಲಿ. ಮೇಲಿನಿಂದ 30, ಒಳಗಿನಿಂದ 60 ಡಿಗ್ರಿ ಹಾಯಿಸಿ ಎಕ್ಸಾಸ್ಟ್ ಸೀಟಿನ ಅಗಲವನ್ನು 1.5ರಿಂದ 2 ಮಿ.ಮೀ.ಗೆ ತರಲಿ. ಇನ್ನೂ ಸಣ್ಣದು ಮಾಡಿಸಬೇಡಿ: ಎಕ್ಸಾಸ್ಟ್ ವಾಲ್ವ್‌ನ ಶಾಖ ಹೆಚ್ಚಿನ ಪಾಲು ಸೀಟಿನ ಮೂಲಕವೇ ಹೆಡ್ಡಿಗೆ ಇಳಿಯಬೇಕು. ಪೇಸ್ಟ್ ಕೊನೆಗೆ, ಅದೂ ನಾಲ್ಕು ಸುತ್ತು ಮಾತ್ರ. ಎಂಟೂ ಸೀಟಿಗೆ ಇದೇ ಕೆಲಸ ಮಾಡಿಸಿ. ಉಳಿದವು ಸದ್ಯಕ್ಕೆ ತಡೆದುಕೊಂಡಿವೆ, ಅಷ್ಟೇ.

ಹಳೆಯ_ಕಾರು_ಹಾಸನ:
ಬ್ಲೂ ಹಚ್ಚಿ ನೋಡಿದೆ, ವೃತ್ತದ ಕಾಲು ಭಾಗ ಖಾಲಿ! ಬೇರೆ ಅಂಗಡಿಯಲ್ಲಿ ಎಂಟನ್ನೂ ಕಟ್ ಮಾಡಿಸಿದೆ. ಸೀಮೆಎಣ್ಣೆ ರಾತ್ರಿಯಿಡೀ ನಿಂತಿತು, ಮೂರನೆಯದೂ 120ಕ್ಕೆ ಬಂತು. ಗಟ್ಟಿ ಸೀಟ್ ರಿಂಗ್ ಹಾಕಿಸಿಕೊಳ್ಳಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ, ಅಗತ್ಯವೇ?

ಲೇತ್_ಮನೆ:
ಬಹಳ ಸಂತೋಷ. ರಿಂಗ್ ವಿಚಾರ ಅವರು ಸುಮ್ಮನೆ ಹೇಳಿದ್ದಲ್ಲ. ಈ ಹೆಡ್ ಬೀಡುಕಬ್ಬಿಣದ್ದು, ಸೀಟನ್ನು ಅದೇ ಲೋಹದಲ್ಲಿ ಕೊರೆದಿರುತ್ತಾರೆ. ಪೆಟ್ರೋಲಿನ ಸೀಸ ಅದಕ್ಕೆ ರಕ್ಷಣೆಯಾಗಿತ್ತು; 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್. ಎರಡು ಮತ್ತು ಮೂರನೇ ಸಿಲಿಂಡರಿನ ಎಕ್ಸಾಸ್ಟ್‌ಗಳು ನಡುವಿನ ಒಂದೇ ಪೋರ್ಟಿಗೆ ಬಿಡುವುದರಿಂದ ಅಲ್ಲಿ ಬಿಸಿ ಜಾಸ್ತಿ. ಆದರೂ ಸೀಟ್ ಕುಳಿಯದೆ ರಿಂಗಿಗಾಗಿ ಹೆಡ್ ಕೊರೆಸಬೇಡಿ, ನೀರಿನ ಜಾಕೆಟ್ ಹತ್ತಿರದಲ್ಲೇ ಇದೆ. ಟ್ಯಾಪೆಟ್ ಅಂತರವನ್ನು (ವಾಲ್ವ್‌ನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಪ್ರತಿ ಸಾವಿರ ಕಿಲೋಮೀಟರಿಗೆ ಅಳೆದು ಬರೆದಿಡಿ. ನಡುವಿನ ಎರಡು ಎಕ್ಸಾಸ್ಟ್‌ಗಳಲ್ಲಿ ಅಂತರ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಸೀಟ್ ಕುಳಿಯುತ್ತಿದೆ ಎಂದರ್ಥ, ಆಗ ರಿಂಗ್ ಹಾಕಿಸಿ.