ಸವಳು ಎರೆಯಲ್ಲಿ ಕಾಬೂಲಿ ಕಡಲೆ ಹಳದಿ, ಜೆ.ಜಿ.-11 ನೇರಳೆ: ಇದು ಸೊರಗು ರೋಗವೇ?

ಪ್ರಶ್ನೆ:
ತಿಳಿದವರಿಗೆ ನಮಸ್ಕಾರ. ಸಿಂಧನೂರು ತಾಲ್ಲೂಕಿನ ನಮ್ಮ ಎರೆ ಹೊಲ ಉಪಕಾಲುವೆಯ ಕೆಳಗಿದ್ದು, ಮೇಲಿನ ಭತ್ತದ ಗದ್ದೆಗಳ ಬಸಿನೀರು ಇತ್ತಲೇ ಇಳಿಯುತ್ತದೆ. ಹಿಂಗಾರಿಗೆ ಕಾಬೂಲಿ ಕಡಲೆಯನ್ನೂ ಜೆ.ಜಿ.-11 ಎಂಬ ದೇಶಿ ಕಡಲೆ ತಳಿಯನ್ನೂ ಪಕ್ಕಪಕ್ಕದಲ್ಲಿ ಬಿತ್ತಿದ್ದೇನೆ. 45 ದಿನಗಳಾಗಿವೆ, ಕಾಬೂಲಿಯ ಎಲೆಗಳು ಹಳದಿಯಾಗಿ ಕೆಳಗಿನವುಗಳ ತುದಿ ಸುಟ್ಟಂತಿವೆ, ಜೆ.ಜಿ.-11ರ ಕಾಂಡ ಮತ್ತು ಎಲೆ ನೇರಳೆಗೆ ತಿರುಗಿವೆ. ಮಣ್ಣಿನ ರಸಸಾರ 8.1, ಮಣ್ಣು-ನೀರಿನ 1:2.5 ದ್ರಾವಣದಲ್ಲಿ ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) 1.8 ಡೆಸಿಸೀಮನ್ಸ್. ಜಿಪ್ಸಂ ಹಾಕಬೇಕೆಂದು ಪಕ್ಕದ ಹೊಲದವರು ಹೇಳುತ್ತಾರೆ.

ಉತ್ತರ:
ಮೊದಲು ಬಾಡಿದ ಗಿಡವೊಂದರ ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ಸೊರಗು ರೋಗ. ಇಲ್ಲದಿದ್ದರೆ ನೀವು ಬರೆದ ಬಣ್ಣಗಳು ಉಪ್ಪಿನ ಕಡೆಗೇ ಬೆರಳು ತೋರಿಸುತ್ತವೆ, ಏಕೆಂದರೆ ಸವಳಿನಲ್ಲಿ ದೇಶಿ ಕಡಲೆ ನೇರಳೆಗೂ ಕಾಬೂಲಿ ಹಳದಿಗೂ ತಿರುಗುವುದು ಸಾಮಾನ್ಯ. ಇ.ಸಿ. 1.8 ಎಂಬುದು ಚಿಕ್ಕ ಸಂಖ್ಯೆಯೆಂದು ನೆಮ್ಮದಿಪಡಬೇಡಿ. ಮಣ್ಣು ಸವಳೆನ್ನಲು ಬಳಸುವ 4 ಡೆಸಿಸೀಮನ್ಸ್‌ನ ಗಡಿ ಸಂತೃಪ್ತ ಮಣ್ಣಿನ ಸಾರಕ್ಕೆ, ಅಂದರೆ ಮಣ್ಣು ಕೆಸರಾಗುವಷ್ಟೇ ನೀರು ಬೆರೆಸಿ ತೆಗೆದ ದ್ರವಕ್ಕೆ, ಸೇರಿದ್ದು. ಹೆಚ್ಚು ನೀರು ಬೆರೆತ 1:2.5 ದ್ರಾವಣದಲ್ಲಿ ಅಳತೆ ಅದಕ್ಕಿಂತ ಬಹಳ ಕಡಿಮೆ ಬರುತ್ತದೆ.

ತಳಿಗಳ ವ್ಯತ್ಯಾಸ ನಿಜಕ್ಕೂ ದೊಡ್ಡದು. ಹೈದರಾಬಾದ್ ಬಳಿಯ ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ನಡೆದ ಪರೀಕ್ಷೆಗಳಲ್ಲಿ ದೇಶಿ ತಳಿಗಳಾದ ಜೆ.ಜಿ.-62, ಜೆ.ಜಿ.-11 ತಾಳಿಕೊಂಡವು, ಕಾಬೂಲಿಯ ಐಸಿಸಿವಿ-2 ಸೋತಿತು. ಗಿಡ ಹಸಿರಾಗಿ ಬೆಳೆದಿದೆಯೆಂದು ತಾಳಿಕೆಯನ್ನು ಅಳೆಯಲಾಗದು. ಉಪ್ಪಿನ ನಡುವೆಯೂ ಎಷ್ಟು ಕಾಯಿ, ಎಷ್ಟು ಕಾಳು ಉಳಿಸಿಕೊಂಡಿತು ಎಂಬುದೇ ಮುಖ್ಯ, ಆದ್ದರಿಂದ ಎರಡೂ ತುಂಡುಗಳ ಕಾಳನ್ನು ಬೇರೆಬೇರೆಯಾಗಿ ತೂಗಿಡಿ. ಕರ್ನಾಲ್‌ನ ಲವಣ ಮಣ್ಣು ಸಂಸ್ಥೆಯ ಕರ್ನಾಲ್ ಚನಾ-1 ಸುಮಾರು 6 ಡೆಸಿಸೀಮನ್ಸ್‌ವರೆಗೆ ಸಹಿಸುತ್ತದೆ, ಆದರೆ ಅದು ಉತ್ತರದ ದೀರ್ಘ ಚಳಿಗೆ ಬೆಳೆಸಿದ್ದು. ನಮ್ಮ ಕಿರು ಹಿಂಗಾರಿಗೆ ನಾನು ಜೆ.ಜಿ.-11ನ್ನೇ ಆರಿಸುತ್ತೇನೆ.

ಜಿಪ್ಸಂ ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣಿಗೆ ಮದ್ದು, ಬರಿಯ ಸವಳಿಗಲ್ಲ. ವಿನಿಮಯ ಸೋಡಿಯಂ (ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವ ಸೋಡಿಯಂ) ಪರೀಕ್ಷಿಸದೆ ಹಣ ಹಾಕಬೇಡಿ.

ಪ್ರಶ್ನೆ ಕೇಳಿದವರು:
ಸೀಳಿ ನೋಡಿದೆ, ಒಳಗೆ ಬಿಳಿಯಾಗಿಯೇ ಇದೆ. ಬೇರುಗಂಟುಗಳು ಮಾತ್ರ ಬಹಳ ವಿರಳ. ನೀರು ಹಾಯಿಸಿ ಉಪ್ಪು ತೊಳೆಯಬಹುದೇ?

ಉತ್ತರ:
ಗಂಟುಗಳು ವಿರಳವಾಗುವುದೂ ಸವಳಿನದೇ ಗುರುತು, ಗಂಟು ಕಟ್ಟುವ ಕ್ರಿಯೆ ಗಿಡಕ್ಕಿಂತ ಬೇಗ ಉಪ್ಪಿಗೆ ಸೋಲುತ್ತದೆ. ನೀರು ಹೊರಹೋಗಲು ದಾರಿಯಿಲ್ಲದೆ ಹಾಯಿಸಿದರೆ ಅಂತರ್ಜಲ ಮೇಲೇರಿ ಉಪ್ಪನ್ನು ಮತ್ತೆ ಬೇರಿಗೇ ತರುತ್ತದೆ. ಮೊದಲು ಹೊಲದ ಅಂಚಿನಲ್ಲಿ ಆಳವಾದ ಬಸಿಗಾಲುವೆ ತೆಗೆಸಿ, ನಂತರ ಮಳೆಗಾಲದ ಸಿಹಿನೀರನ್ನು ಬದುಗಳಲ್ಲಿ ನಿಲ್ಲಿಸಿ ತೊಳೆಯಿರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದೇ ಮಣ್ಣಿನ ಮೇಲೆ ಕೆಲಸ ನಡೆದಿದೆ. ಮುಂದಿನ ಬಿತ್ತನೆಗೆ ಮೊದಲು ಎರಡು ಆಳಗಳ ಮಣ್ಣಿನ ಮಾದರಿಯೊಂದಿಗೆ ಅಲ್ಲಿ ವಿಚಾರಿಸಿ.