38ರಲ್ಲಿ ಎಎಸ್‌ಡಿ (ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದ ಇರೋ ತೂತು) ಪತ್ತೆ: ಏದುಸಿರು, ಎದೆಬಡಿತ, ತೂತು ಮುಚ್ಚೋ ಡಿವೈಸ್ ಹಾಕೋವರೆಗೆ ಏನು ನೋಡಿಕೊಳ್ಳಬೇಕು?

ಕಾಫಿತೋಟ:
ತಂಗಿಗೆ 38. ಎಕೋದಲ್ಲಿ 18 ಮಿ.ಮೀ. ಸೆಕಂಡಮ್ (ಗೋಡೆಯ ನಡುಭಾಗದ) ಎಎಸ್‌ಡಿ, ಬಲಗಡೆ ಕೋಣೆಗಳು ಹಿಗ್ಗಿವೆ, ಕ್ಯುಪಿ/ಕ್ಯುಎಸ್ (ಶ್ವಾಸಕೋಶಕ್ಕೂ ಮೈಗೂ ಹೋಗೋ ರಕ್ತದ ಅನುಪಾತ) 2.1 ಅಂತ ಬಂದಿದೆ. ಮಹಡಿ ಹತ್ತಿದರೆ ಏದುಸಿರು, ಆಗಾಗ ಎದೆ ಢವಢವ. ಡಿವೈಸ್‌ಗೆ ಎರಡು ತಿಂಗಳ ನಂತರ ಡೇಟ್ ಕೊಟ್ಟಿದ್ದಾರೆ. ಹುಟ್ಟಿನಿಂದ ಇದ್ದದ್ದು ಈಗ್ಯಾಕೆ ಕಾಡ್ತಿದೆ? ಡಿವೈಸ್ ಹಾಕಿದ್ರೆ ಢವಢವ ನಿಲ್ಲತ್ತಾ?

ಎಕೋರೂಮ್:
2.1 ಅಂದ್ರೆ ಮೈಗೆ ನಿಮಿಷಕ್ಕೆ 5 ಲೀಟರ್ ರಕ್ತ ಹೋದರೆ ಶ್ವಾಸಕೋಶಕ್ಕೆ ಹತ್ತೂವರೆ. ವಯಸ್ಸಾದಂತೆ, ಬಿಪಿ ಏರಿದಂತೆ ಎಡ ಹೃತ್ಕುಕ್ಷಿ (ಕೆಳಗಿನ ಕೋಣೆ) ಬಿಗಿಯಾಗತ್ತೆ. ಅದು ಸಲೀಸಾಗಿ ತುಂಬದಿದ್ದಾಗ ರಕ್ತ ತೂತಿನಿಂದ ಬಲಕ್ಕೆ ಇನ್ನಷ್ಟು ನುಗ್ಗತ್ತೆ. ತೂತು ಅಷ್ಟೇ ಇದ್ದರೂ ಸೋರಿಕೆ ಜಾಸ್ತಿ. ಅದಕ್ಕೇ ಮೂವತ್ತು ದಾಟಿದ ಮೇಲೆ ಸುಸ್ತು ಶುರುವಾಗೋದು, ಎಷ್ಟೋ ಜನರಿಗೆ ಆಸ್ತಮಾ ಅಂತ ಇನ್‌ಹೇಲರ್ ಕೊಟ್ಟಿರೋದು.

ಢವಢವ ಬೇರೆ ವಿಷಯ. ಬಲ ಹೃತ್ಕರ್ಣ (ಮೇಲಿನ ಕೋಣೆ) ವರ್ಷಗಟ್ಟಲೆ ಎಳೆದು ಹಿಗ್ಗಿದಾಗ ಏಟ್ರಿಯಲ್ ಫಿಬ್ರಿಲೇಷನ್ ಅಥವಾ ಫ್ಲಟರ್ (ಮೇಲಿನ ಕೋಣೆಗಳು ತಾಳ ತಪ್ಪಿ ಅಥವಾ ಅತಿ ವೇಗವಾಗಿ ಬಡಿಯೋದು) ಶುರುವಾಗಬಹುದು. ತೂತು ಮುಚ್ಚಿದ ಮಾತ್ರಕ್ಕೆ ಅದು ಹೋಗಲ್ಲ. ಅಬ್ಲೇಷನ್ (ಬಡಿತ ಕೆಡಿಸೋ ಜಾಗವನ್ನ ಒಳಗಿಂದಲೇ ನಿಷ್ಕ್ರಿಯ ಮಾಡೋ ಚಿಕಿತ್ಸೆ) ಬೇಕಿದ್ದರೆ ಡಿವೈಸ್‌ಗೆ ಮೊದಲೇ ಯೋಚಿಸೋದು ಒಳ್ಳೇದು, ಯಾಕಂದ್ರೆ ಡಿವೈಸ್ ಕೂತ ಮೇಲೆ ಕ್ಯಾತಿಟರನ್ನ (ರಕ್ತನಾಳದ ಮೂಲಕ ಕಳಿಸೋ ತೆಳು ನಳಿಕೆ) ಎಡಗಡೆಗೆ ದಾಟಿಸೋದು ಕಷ್ಟ. ಈ ಎರಡು ತಿಂಗಳ ದೊಡ್ಡ ಕೆಲಸವೇ ಆ ಬಡಿತವನ್ನ ಇಸಿಜಿಯಲ್ಲಿ ಹಿಡಿಯೋದು.

ತುಂಗಾತೀರ:
ಹಿಡಿಯೋದು ಹೇಗೆ ಅಂದ್ರೆ: ಢವಢವ ಶುರುವಾದಾಗಲೇ ಹತ್ತಿರದ ಕ್ಲಿನಿಕ್‌ಗೆ ಹೋಗಿ ಇಸಿಜಿ ತೆಗೆಸಿ. ನಿಂತ ಮೇಲೆ ತೆಗೆಸಿದ ಹತ್ತು ಇಸಿಜಿಗಿಂತ ಅದೊಂದು ಮೇಲು. ದಿನಾ ಆಗ್ತಿದ್ದರೆ ಮಾತ್ರ 24 ಗಂಟೆ ಹೋಲ್ಟರ್ (ಮೈಗೆ ಕಟ್ಟೋ ಇಸಿಜಿ ಯಂತ್ರ) ಉಪಯೋಗ. ವಾರಕ್ಕೊಮ್ಮೆ ಆದರೆ ಹೆಚ್ಚು ದಿನ ಕಟ್ಟೋ ಮಾನಿಟರ್ ಕೇಳಿ. ಮನೇಲಿ ನಾಡಿ ನೋಡುವಾಗ ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ತಾಳ ತಪ್ಪಿದ ನಾಡಿಯನ್ನ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಲೆಕ್ಕ ಹಾಳು.

ಆಕ್ಸಿಮೀಟರ್ ಇದ್ದರೆ ಕೂತಾಗ ಒಮ್ಮೆ, ಮೆಟ್ಟಿಲು ಹತ್ತಿದ ಕೂಡಲೇ ಒಮ್ಮೆ ನೋಡಿ ಬರೆದಿಡಿ. ನೈಲ್ ಪಾಲಿಶ್ ಇರಬಾರದು. ಹತ್ತಿದಾಗ ಆಕ್ಸಿಜನ್ ಅಂಕಿ ಇಳೀತಾ ಇದ್ದರೆ ಡಾಕ್ಟರಿಗೆ ಮುಂಚೆಯೇ ತಿಳಿಸಿ: ಶ್ವಾಸಕೋಶದ ಒತ್ತಡ ಏರಿ ರಕ್ತ ತಿರುಗಿ ಎಡಕ್ಕೆ ಹೋಗ್ತಿರಬಹುದು. ಹಾಗಿದ್ದರೆ ಮುಚ್ಚೋ ಮುನ್ನ ಒತ್ತಡ ಅಳೆಯಲೇಬೇಕು. ತಲೆಸುತ್ತಿ ಬಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಕಾಯೋದು ಬೇಡ, ನೇರ ಎಮರ್ಜೆನ್ಸಿ.

ಎಲ್ಲೇ ಡ್ರಿಪ್ ಹಾಕಿಸಿದರೂ ಎಎಸ್‌ಡಿ ಇದೆ ಅಂತ ನರ್ಸ್‌ಗೆ ಹೇಳಿ. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳೀಬಾರದು. ಕೆಮ್ಮಿದಾಗ ರಕ್ತ ಕ್ಷಣಮಾತ್ರ ಬಲದಿಂದ ಎಡಕ್ಕೆ ದಾಟತ್ತೆ, ಗುಳ್ಳೆ ಮಿದುಳಿಗೆ ಹೋಗೋಕೆ ಅಷ್ಟು ಸಾಕು.

ಕಾಫಿತೋಟ:
ಆಕ್ಸಿಜನ್ ಇಳಿಯತ್ತಾ ಅಂತ ಬರೆದಿಡ್ತೀವಿ. ಅವಳಿಗೆ ಹಲ್ಲು ಕೀಳಿಸೋದಿದೆ. ಮೊದಲು ಯಾವುದು?

ಎಕೋರೂಮ್:
ಹಲ್ಲು ಮೊದಲೇ ಮುಗಿಸಿ. ಮುಚ್ಚದ ಬರೀ ಎಎಸ್‌ಡಿಗೆ ಹಲ್ಲಿನ ಕೆಲಸಕ್ಕೆ ಮುಂಚೆ ಆಂಟಿಬಯಾಟಿಕ್ ಬೇಕಿಲ್ಲ. ಡಿವೈಸ್ ಹಾಕಿದ ಮೊದಲ 6 ತಿಂಗಳು ಬೇಕು, ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಅರ್ಧದಿಂದ ಒಂದು ಗಂಟೆ ಮುಂಚೆ. ಆಸ್ಪಿರಿನ್ ಕೂಡ ಸುಮಾರು 6 ತಿಂಗಳು ನಡೆಯತ್ತೆ, ಆಗ ಕೀಳಿಸಿದರೆ ರಕ್ತ ನಿಲ್ಲೋದು ನಿಧಾನ. ಇನ್ನೊಂದು, ಡಿವೈಸ್‌ನ ತಂತಿ ನಿಕಲ್-ಟೈಟಾನಿಯಂದು. ರೋಲ್ಡ್ ಗೋಲ್ಡ್ ಓಲೆ ಹಾಕಿದ್ರೆ ಕಿವಿ ಕೆರೆದು ಗಾಯ ಆಗೋರಾದರೆ ನಿಕಲ್ ಅಲರ್ಜಿ ಇರಬಹುದು, ಡಾಕ್ಟರಿಗೆ ಈಗಲೇ ಹೇಳಿಬಿಡಿ.